ಕಲ್ಲಿನಲ್ಲಿ ಸುರಗಿ ಹುಡುಕುವವರಿಗೆ

ಯುದ್ಧದ ನೆನಪಿಗೆಂದು ಮಾಡಿಸಿದ ಸೈನಿಕರ ಚಾಕುಗಳನ್ನು ಕೂಡಿಡುವವರು ಮೊದಲು ನೋಡುವುದು ಅಲಗಿನ ಮೇಲೆ ಕೊರೆದ ಪಡೆಯ ಹೆಸರು ಮತ್ತು ಇಸವಿ. ಹುನಗುಂದ, ಬಾದಾಮಿ ಸೀಮೆಯ ರಸಿಕರಿಗೆ ಈ ರುಚಿ ಹತ್ತಿದರೆ ಅಂಗಡಿ ಅಲೆಯುವ ಕೆಲಸವಿಲ್ಲ, ಕಾದಿ ಮಡಿದವರ ನೆನಪಿಗೆ ನೆಟ್ಟ ವೀರಗಲ್ಲುಗಳಿವೆ. ಈಟಿ ಮುರಿದು, ಬತ್ತಳಿಕೆ ಬರಿದಾಗಿ, ಕತ್ತಿ ಬೀಸಲು ತಾವಿಲ್ಲದಷ್ಟು ವೈರಿ ಹತ್ತಿರ ಬಂದಾಗ ಉಳಿಯುವುದು ಸೊಂಟದ ಸುರಗಿಯೊಂದೇ. (ಸುರಗಿ ಎಂದರೆ ಇಲ್ಲಿ ಹೂವಲ್ಲ, ಇರಿಯುವ ಚಿಕ್ಕ ಬಾಕು.) ಆ ಕೊನೆಯ ಆಯುಧವನ್ನು ಅದನ್ನು ಹಿಡಿದವನ ಜೊತೆಗೇ ಕಲ್ಲಿಗಿಳಿಸಿದ ನಾಡು ಇದು. ಆದರೆ ಹೊಸಬರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ: ಆಯುಧದ ಆಕಾರ ನೋಡಿ ಅದರ ಕಾಲ, ಕುಲ ಹೇಳಲು ಹೊರಡುತ್ತಾರೆ. ಆಕಾರ ಅರ್ಧ ಸಾಕ್ಷಿ ಮಾತ್ರ. ಉಳಿದರ್ಧ ಅಕ್ಷರದಲ್ಲೂ ಕಲ್ಲು ನಿಂತ ನೆಲದಲ್ಲೂ ಇರುತ್ತದೆ.

ಇದಕ್ಕೆ ಆತಕೂರಿನ ಕಲ್ಲಿಗಿಂತ ಒಳ್ಳೆಯ ಪಾಠ ಸಿಗದು. ಮಂಡ್ಯ ಜಿಲ್ಲೆಯ ಈ ಊರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಾಲ ಕ್ರಿ.ಶ. 949–50. ಚಿತ್ರದಲ್ಲಿರುವುದು ನಾಯಿ ಮತ್ತು ಕಾಡುಹಂದಿಯ ಕಾದಾಟ. ಮಣಲೆರ ಎಂಬ ವೀರ ತನ್ನ ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತಿತು. ಬರೀ ಚಿತ್ರ ನೋಡಿದವರಿಗೆ ಇದು ಬೇಟೆಯ ಕಲ್ಲು, ಅಷ್ಟೇ. ಅಕ್ಷರ ಓದಿದವರಿಗೆ ಕನ್ನಡ ನಾಡಿನ ಅತಿ ಪ್ರಸಿದ್ಧ ಸುರಗಿ ಸಿಗುತ್ತದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಕಾಳಗದಲ್ಲಿ, ರಾಷ್ಟ್ರಕೂಟರ ಪರ ನಿಂತ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಆನೆಯ ಮೇಲೆಯೇ ಸುರಗಿಯಿಂದ ಇರಿದು ಕೊಂದನೆಂದು ಕಲ್ಲು ಹೇಳುತ್ತದೆ. ಮೆಚ್ಚಿದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಅವನಿಗೆ ಕೊಟ್ಟ ನಾಡುಗಳಲ್ಲಿ ಕಿಸುಕಾಡು 70, ಬಾಗೆನಾಡು 70 ಸೇರಿವೆ. ಕಿಸುಕಾಡೆಂದರೆ ಪಟ್ಟದಕಲ್ಲಿನ ಸುತ್ತಿನ ಸೀಮೆ, ಬಾಗೆನಾಡೆಂದರೆ ಬಾಗಲಕೋಟೆಯದು. ಮಂಡ್ಯದ ಕಲ್ಲಿನ ಒಂದು ಇರಿತಕ್ಕೆ ಮಲಪ್ರಭೆಯ ದಂಡೆಯ ನೆಲ ಬೆಲೆಯಾಯಿತು! ಚಿತ್ರದಲ್ಲಿ ಸುರಗಿಯ ಸುಳಿವೂ ಇಲ್ಲ. ಮೂಲ ಹುಡುಕುವವನು ಆಕಾರವನ್ನೇ ನಂಬಿದ್ದರೆ ಈ ದಾರಿ ತೆರೆಯುತ್ತಲೇ ಇರಲಿಲ್ಲ.

ಅಕ್ಷರವೂ ಸುಳ್ಳು ಹೇಳಬಹುದಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಚೋಳರ ತಾಮ್ರಪಟ ರಾಜಾದಿತ್ಯ ಕೃಷ್ಣನ ಬಾಣಗಳಿಂದ ಸತ್ತನೆನ್ನುತ್ತದೆ. ಅಲ್ಲಿ ಸುರಗಿಯೂ ಇಲ್ಲ, ಬೂತುಗನೂ ಇಲ್ಲ. ಆತಕೂರಿನ ಸಾಲನ್ನೇ ವಿದ್ವಾಂಸರು ಮೊದಲು ಒಂದು ಬಗೆಯಲ್ಲಿ ಓದಿ ಬೂತುಗ ಮೋಸದಿಂದ ಇರಿದನೆಂದರು. ಆಮೇಲೆ ‘ಕಳ್ಳ’ ಅಲ್ಲ ‘ಕಳ’, ಅಂದರೆ ಅಂಬಾರಿಯೇ ರಣಕಳವಾಯಿತು ಎಂಬ ಅರ್ಥ ನಿಂತಿತು. ಒಂದು ಒತ್ತಕ್ಷರದಲ್ಲಿ ಮನುಷ್ಯನೊಬ್ಬನ ಮಾನ ಹೋಗಿ ಬಂತು. ಕಾಳಗದ ಬೆನ್ನಿಗೇ ನೆಟ್ಟ ಕಲ್ಲು ಅರ್ಧ ಶತಮಾನ ಕಳೆದು ಬರೆದ ತಾಮ್ರಪಟಕ್ಕಿಂತ ಘಟನೆಗೆ ಹತ್ತಿರದ್ದು, ನಿಜ. ಆದರೂ ಆ ಕಲ್ಲು ಗೆದ್ದವರ ಕಡೆಯದು ಎಂಬುದನ್ನು ಮರೆಯುವಂತಿಲ್ಲ. ಎರಡನ್ನೂ ಎದುರುಬದುರು ಇಟ್ಟು ತೂಗುವುದೇ ಈ ಹವ್ಯಾಸದ ಸುಖ.

ಇನ್ನು ಕಣ್ಣಿನ ಕೆಲಸ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಸುರಗಿ ಇದ್ದರೆ ಹೆಚ್ಚಾಗಿ ಕೆಳಪಟ್ಟಿಯಲ್ಲೇ, ಕೈಯಲ್ಲೋ ಸೊಂಟಪಟ್ಟಿಯಲ್ಲೋ ಇರುತ್ತದೆ. ನಡುಮಧ್ಯಾಹ್ನ ಹೋದರೆ ಏನೂ ಕಾಣದು. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿಗೆ ಅಲಗಿನ ನಡುವಿನ ಏಣು ಒಂದು ಗೆರೆಯಾಗಿ ಎದ್ದು ನಿಲ್ಲುತ್ತದೆ. ಈ ಸೀಮೆಯ ಮರಳುಗಲ್ಲು ಪದರು ಪದರಾಗಿ ಸವೆಯುವುದರಿಂದ ಉದ್ದ ಕತ್ತಿಯ ತುದಿ ಉದುರಿ ಅದೇ ಸುರಗಿಯಂತೆ ಕಂಡೀತು. ಹಾಗಿರುವಾಗ ಅಲಗನ್ನು ಬಿಟ್ಟು ತೋಳು ನೋಡಿ. ಕತ್ತಿ ಬೀಸುವ ತೋಳು ಹೆಗಲ ಮೇಲೆ ಎತ್ತಿರುತ್ತದೆ. ಇರಿಯುವ ತೋಳು ಮೊಣಕೈಯಲ್ಲಿ ಮಡಿಸಿ ಪಕ್ಕೆಗೆ ಅಂಟಿರುತ್ತದೆ. ಮುಷ್ಟಿಗೆ ಅಡ್ಡಹಿಡಿ ಇದ್ದರೆ ಅದು ಕಠಾರಿ. ಅಂಥದ್ದು ಹೆಚ್ಚಾಗಿ ಕಾಣುವುದು ವಿಜಯನಗರ ಕಾಲದಿಂದೀಚೆಗೆ. ಶಿಲ್ಪಿಗಳು ರೂಢಿಯ ಅಚ್ಚಿನಲ್ಲೇ ಕೊರೆಯುತ್ತಿದ್ದರು, ನಿಜವಾದ ಆಯುಧವನ್ನಲ್ಲ ಎಂಬ ಆಕ್ಷೇಪದಲ್ಲೂ ಹುರುಳಿದೆ. ಆದರೆ ರೂಢಿಗೂ ಊರಿದೆ, ಕಾಲವಿದೆ. ಹತ್ತು ಕಲ್ಲು ನೋಡಿದ ಮೇಲೆ ಹನ್ನೊಂದನೆಯದು ಎಲ್ಲಿ ರೂಢಿ ಮೀರಿದೆ ಎಂದು ಕಣ್ಣಿಗೇ ತಿಳಿಯುತ್ತದೆ. ಅಭ್ಯಾಸಕ್ಕೆ ಹುನಗುಂದ ತಾಲ್ಲೂಕಿನ ಐಹೊಳೆಯೂ ಪಕ್ಕದ ಬಾದಾಮಿಯೂ ಸಾಕು.

ಕೂಡಿಡುವುದು ಎಂದರೆ ಇಲ್ಲಿ ಮನೆಗೆ ತರುವುದಲ್ಲ. ಪುರಾತನ ವಸ್ತುಗಳಿಗೆ 1972ರ ಕಾಯ್ದೆಯ ಕಾವಲಿದೆ. ಕಾಯ್ದೆ ಇಲ್ಲದಿದ್ದರೂ ನಿಂತ ನೆಲದಿಂದ ಕಿತ್ತ ಕಲ್ಲು ತನ್ನ ಸಾಕ್ಷಿಯ ಅರ್ಧವನ್ನು ಅಲ್ಲೇ ಬಿಟ್ಟು ಬರುತ್ತದೆ. ಫೋಟೊ, ಅಳತೆ, ಊರಿನ ಹೆಸರು, ಕಲ್ಲು ಮುಖ ಮಾಡಿದ ದಿಕ್ಕು, ಅಕ್ಷರವಿದ್ದರೆ ಅದರ ಪಾಠ: ಇವೇ ನಿಮ್ಮ ಸಂಗ್ರಹ. ಎಣ್ಣೆ ಕುಂಕುಮ ಮೆತ್ತಿದ ಕಲ್ಲು ಊರವರ ದೇವರು. ಅಲಗು ಕಾಣಲೆಂದು ಅದನ್ನು ಕೆರೆಯಬೇಡಿ.