ಅಳಿದುವೂ ಉಳಿದುವೂ

ಔಷಧವೊಂದು ಪ್ರಯೋಗಶಾಲೆಯ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂಬ ವಾರ್ತೆಯೊಂದರಿಂದಲೇ ಹಿಗ್ಗುವುದು ಸಲ್ಲದು. ತಕ್ಕಷ್ಟು ಸುರಿದರೆ ಬಹುಪಾಲು ವಿಷಗಳೂ ಆ ಕೆಲಸವನ್ನು ಮಾಡಿಯಾವು. 1996ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಬ್ರಯಾನ್ ಡ್ರೂಕರ್, ಬಾಸೆಲ್ ನಗರದ ಸೀಬಾ-ಗೈಗಿ ಸಂಸ್ಥೆಯ ನಿಕೊಲಸ್ ಲೈಡನ್ ಮತ್ತವರ ಸಂಗಡಿಗರು ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಆದರಣೀಯವೆನಿಸುವುದು, ಮುಂದೆ ಇಮ್ಯಾಟಿನಿಬ್ ಎಂದು ಹೆಸರಾದ ವಸ್ತುವು ಯಾವ ಕೋಶಗಳನ್ನು ಮುಟ್ಟದೆ ಬಿಟ್ಟಿತೆಂಬುದನ್ನೂ ಅದು ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿದುದರಿಂದ.

ಆ ವಸ್ತುವಿಗೆ ಗುರಿಯಾದ, ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ 9ನೆಯ ಹಾಗೂ 22ನೆಯ ವರ್ಣತಂತುಗಳ ತುಣುಕುಗಳು ಸ್ಥಾನಪಲ್ಲಟಗೊಂಡು ಬಿಸಿಆರ್-ಎಬಿಎಲ್ ಎಂಬ ಸಂಕರ ಕಿಣ್ವ ಹುಟ್ಟುತ್ತದೆ; ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟನ್ನು ತೆಗೆದು ಇತರ ಪ್ರೋಟೀನುಗಳಿಗೆ ಕೂಡಿಸುವ ತನ್ನ ಕಾರ್ಯವನ್ನು ಅದು ಎಡೆಬಿಡದೆ ನಡೆಸುವುದರಿಂದ, ಕೋಶಕ್ಕೆ ಬೆಳೆಯೆಂಬ ಆಜ್ಞೆ ನಿಲ್ಲುವುದೇ ಇಲ್ಲ. ಕಿಣ್ವದಲ್ಲಿ ಎಟಿಪಿ ಕೂರುವ ಎಡೆಯಲ್ಲಿ ತಾನೇ ಕುಳಿತು ಕಿಣ್ವವನ್ನು ತಡೆಯುವ ಅಣುವನ್ನು ರಚಿಸಬಹುದೆಂದಾಗ, ಅಂತಹುದೇ ಎಡೆಯುಳ್ಳ ನೂರಾರು ಕಿಣ್ವಗಳಿರುವ ದೇಹದಲ್ಲಿ ಒಂದನ್ನೇ ಆರಿಸಿ ತಡೆಯುವುದೆಂತು ಎಂದು ವಿದ್ವಾಂಸರು ಶಂಕಿಸಿದುದು ಸಹಜವೇ.

ಪ್ರಯೋಗದ ರಚನೆಯೇ ಆ ಶಂಕೆಗೆ ಸಮಾಧಾನವಾಗಿದೆ. ಇಲಿಯ ರಕ್ತಕೋಶಗಳ ಒಂದೇ ವಂಶದಲ್ಲಿ ಬಿಸಿಆರ್-ಎಬಿಎಲ್ ಸೇರಿದುವು ಅಳಿದುವು. ಅದಿಲ್ಲದೆ, ಹೊರಗಿನಿಂದ ಒದಗಿಸಿದ ಪೋಷಕದ ಬಲದಿಂದ ಬದುಕಿದ್ದ ಅದೇ ವಂಶದ ಮಾರ್ಪಡದ ಕೋಶಗಳು ಬೆಳೆದುವು. ಎಸ್‌ಆರ್‌ಸಿ ಎಂಬ ಬೇರೊಂದು ಕಿಣ್ವದಿಂದ ಕೆಟ್ಟ ಕೋಶಗಳೂ ಜಗ್ಗಲಿಲ್ಲ. ರೋಗಿಗಳ ರಕ್ತ ಹಾಗೂ ಅಸ್ಥಿಮಜ್ಜೆಯಿಂದ ತೆಗೆದು ಬೆಳೆಸಿದ ಕೋಶಗಳಲ್ಲಿ ಬಿಸಿಆರ್-ಎಬಿಎಲ್ ಉಳ್ಳ ಕಾಲೊನಿಗಳು ಶೇಕಡಾ 92ರಿಂದ 98ರಷ್ಟು ಕಡಮೆಯಾದರೂ ಸಹಜ ಕಾಲೊನಿಗಳು ಕುಗ್ಗಲಿಲ್ಲವೆಂಬ ಒಂದು ವಾಕ್ಯದಲ್ಲಿ, ಮದ್ದಿಗೂ ವಿಷಕ್ಕೂ ಇರುವ ಅಂತರವೆಲ್ಲ ಅಡಗಿದೆ. ಪಿಡಿಜಿಎಫ್ ಗ್ರಾಹಕವೆಂಬ ಮತ್ತೊಂದು ಕಿಣ್ವವನ್ನೂ ಈ ವಸ್ತು ತಡೆಯುವುದೆಂಬ ಸಂಗತಿಯನ್ನು ಲೇಖಕರು ಮುಚ್ಚಿಡದಿದ್ದುದು ನನಗೆ ಬಹು ಮೆಚ್ಚಿಗೆಯಾದ ಗುಣ.

ಆದರೂ ತಟ್ಟೆಯು ತೋರುವುದು ಕೆಲವೇ ದಿನಗಳಲ್ಲಿ ವಿಭಜನೆಗೊಳ್ಳುವ ಕೋಶಗಳನ್ನು. ವಿಭಜನೆಗೊಳ್ಳದೆ ಸುಪ್ತವಾಗಿರುವ ರೋಗದ ಮೂಲಕೋಶಗಳು ಅದರ ಲೆಕ್ಕಕ್ಕೆ ಸಿಕ್ಕುವುವಲ್ಲ. ಕಿಣ್ವದ 315ನೆಯ ಸ್ಥಾನದ ಒಂದೇ ಅಮೈನೋ ಆಮ್ಲ ಬದಲಾದರೆ ಮದ್ದು ವ್ಯರ್ಥವಾಗುವುದೆಂಬುದು 2001ರಲ್ಲಿ ರೋಗಿಗಳಿಂದ ತಿಳಿದುಬಂದಿತು. ಫ್ರಾನ್ಸಿನಲ್ಲಿ, ಎರಡು ವರ್ಷಗಳಿಗೂ ಹೆಚ್ಚು ಕಾಲ ರೋಗದ ಅಣುಚಿಹ್ನೆಯೇ ಕಾಣದಿದ್ದವರಿಗೆ ಮದ್ದು ನಿಲ್ಲಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ಮರಳಿತು, ಬಹುತೇಕ ಮೊದಲ ಆರು ತಿಂಗಳಲ್ಲಿಯೇ. ಮದ್ದನ್ನು ಪುನಃ ಕೊಟ್ಟಾಗ ಅದು ಮತ್ತೆ ತಗ್ಗಿತು.