ಹಗ್ಗ ಕಾಣುವ ದೇವರು

ಕಣ್ಣಿಗೆ ಕಾಣದವನೆಂದು ಧರ್ಮಗ್ರಂಥವೇ ಸಾರುವ ದೇವರನ್ನು ರಂಗದ ಮೇಲೆ ತರಬೇಕೆಂದರೆ ದೇವತಾಶಾಸ್ತ್ರಕ್ಕಿಂತ ಮೊದಲು ಬಡಗಿ, ಕಮ್ಮಾರರ ಕೆಲಸ ಎದುರಾಗುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರದ ವರ್ತಕರ ಸಂಘವು 1433ರಲ್ಲಿ ಬರೆಸಿಟ್ಟ ನಾಟಕದ ಸಾಮಾನುಗಳ ಪಟ್ಟಿ ಇದಕ್ಕೆ ಒಳ್ಳೆಯ ಸಾಕ್ಷಿ. ಕಾರ್ಪಸ್ ಕ್ರಿಸ್ಟಿ ಎಂಬ ಪರಮಪ್ರಸಾದದ ಹಬ್ಬದಂದು, ಸೃಷ್ಟಿಯಿಂದ ಕೊನೆಯ ತೀರ್ಪಿನವರೆಗಿನ ಬೈಬಲ್ ಕಥೆಯನ್ನು ನಗರದ ಕಸುಬುದಾರರ ಸಂಘಗಳು ತಮ್ಮತಮ್ಮಲ್ಲಿ ಹಂಚಿಕೊಂಡು, ಗಾಲಿಬಂಡಿಗಳ ಮೇಲೆ ಬೀದಿಯಿಂದ ಬೀದಿಗೆ ಸಾಗುತ್ತ ಆಡಿ ತೋರಿಸುತ್ತಿದ್ದವು. ಇವಕ್ಕೆ ಮಿಸ್ಟರಿ ನಾಟಕಗಳೆಂದು ಹೆಸರು. ಕೊನೆಯ ತೀರ್ಪಿನ ಪ್ರಸಂಗ ವರ್ತಕರ ಪಾಲಿಗೆ ಬಂದಿತ್ತು. ಅವರ ಪಟ್ಟಿಯಲ್ಲಿ ದೇವರಿಗೆಂದು ಗಾಯದ ಗುರುತುಗಳಿರುವ ಅಂಗಿ, ಕಿರೀಟ ಮತ್ತು ಚಿನ್ನದ ಬಣ್ಣದ ಮುಖವಾಡ ಇವೆ; ಆತ ಸ್ವರ್ಗಕ್ಕೆ ಏರುವಾಗ ಕೂರಲು ಕಬ್ಬಿಣದ ಚೌಕಟ್ಟು, ಅದರ ನಾಲ್ಕು ಮೂಲೆಗೆ ನಾಲ್ಕು ಹಗ್ಗ ಇವೆ; ಸ್ವರ್ಗದಲ್ಲಿ ಓಡಾಡಲು ಕೆಂಪು ಬಣ್ಣ ಬಳಿದ ಒಂಬತ್ತು ಪುಟ್ಟ ದೇವದೂತರ ಗೊಂಬೆಗಳೂ ಅವನ್ನು ಓಡಿಸಲು ಉದ್ದನೆಯ ತೆಳು ದಾರವೂ ಇವೆ.

ಬಂಡಿಗೆ ತಾಗಿಕೊಂಡಂತೆ ನಿಂತ ಜನಕ್ಕೆ ಆ ಹಗ್ಗ ಕಾಣದಿರಲು ಸಾಧ್ಯವಿರಲಿಲ್ಲ. ಹಗ್ಗ ಕಂಡಿತೆಂದು ಅವರ ಭಕ್ತಿಯೇನೂ ಕಡಿಮೆಯಾದಂತೆ ತೋರುವುದಿಲ್ಲ, ಏಕೆಂದರೆ ಆ ನಾಟಕಗಳು ಎರಡು ಶತಮಾನದಷ್ಟು ಕಾಲ ನಡೆದವು. ದೇವರ ಚಿತ್ರಣಗಳನ್ನು ತೂಗಿ ನೋಡುವ ರಸಿಕನಿಗೆ ಈ ಹಗ್ಗಕ್ಕಿಂತ ಒಳ್ಳೆಯ ಅಳತೆಗೋಲು ಸಿಗಲಾರದು. ತಾನು ಮನುಷ್ಯರು ಕಟ್ಟಿದ್ದು ಎಂಬುದನ್ನು ಬಚ್ಚಿಡದ ಚಿತ್ರಣ ಎಷ್ಟೇ ಒರಟಾಗಿರಲಿ, ಎಷ್ಟೇ ನಗೆ ತರಿಸಲಿ, ನೋಡುಗನನ್ನು ದಾರಿ ತಪ್ಪಿಸುವುದಿಲ್ಲ. ದಾರಿ ತಪ್ಪಿಸುವುದು ಭಾವಚಿತ್ರದ ಹಾಗೆ ನಾಜೂಕಾಗಿ ಬರೆದ ಗಂಭೀರ ಮುಖ. ಪ್ರಹಸನವೂ ಮಕ್ಕಳ ಧರ್ಮಪಾಠವೂ ಒಂದೇ ಪಂಕ್ತಿಯಲ್ಲಿ ಕೂರುವುದು ಈ ಕಾರಣಕ್ಕೆ.

ಗ್ರೀಕರಿಗೆ ಈ ವಿಷಯದಲ್ಲಿ ಅಂಜಿಕೆಯೇ ಇರಲಿಲ್ಲ. ಕ್ರಿ.ಪೂ. 405ರಲ್ಲಿ ಅಥೆನ್ಸಿನ ಲೆನಾಯಾ ಉತ್ಸವದಲ್ಲಿ ಮೊದಲ ಬಹುಮಾನ ಪಡೆದ ಅರಿಸ್ಟೋಫೇನೀಸನ 'ಕಪ್ಪೆಗಳು' ನಾಟಕದಲ್ಲಿ ಡಯೊನೈಸಸ್ ದೇವರು ಕೇಸರಿ ನಿಲುವಂಗಿಯ ಮೇಲೆ ಸಿಂಹದ ಚರ್ಮ ಹೊದ್ದು, ಪಾತಾಳದ ದಾರಿಯಲ್ಲಿ ಹೆದರಿ ನಡುಗಿ, ತಾನು ದೇವರು ಹೌದೋ ಅಲ್ಲವೋ ಎಂಬ ಪರೀಕ್ಷೆಗಾಗಿ ಚಾಟಿಯೇಟನ್ನೂ ತಿನ್ನುತ್ತಾನೆ. ಉತ್ಸವ ನಡೆಯುತ್ತಿದ್ದುದು ಆ ದೇವರ ಹೆಸರಿನಲ್ಲೇ, ಮುಂದಿನ ಸಾಲಿನಲ್ಲಿ ಕುಳಿತಿದ್ದವನು ಆ ದೇವರ ಪೂಜಾರಿಯೇ. ಭಯ ತಡೆಯಲಾರದೆ ಡಯೊನೈಸಸ್ ರಂಗದಿಂದಲೇ ಅವನ ಮೊರೆ ಹೊಗುತ್ತಾನೆ. ಚೌಕಿಯಲ್ಲಿ ಗಣಪತಿಗೆ ಪೂಜೆ ಸಲ್ಲಿಸಿ ಬಂದ ಮೇಳವೇ ರಂಗಸ್ಥಳದಲ್ಲಿ ದೇವೇಂದ್ರನನ್ನು ಹಾಸ್ಯಗಾರನ ಬಾಯಿಗೆ ಒಪ್ಪಿಸುವುದನ್ನು ಕಂಡ ಯಕ್ಷಗಾನದ ಪ್ರೇಕ್ಷಕನಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ಹೆಚ್ಚೇನಿಲ್ಲ. ಕ್ರೈಸ್ತ ಯುರೋಪಿನ ಸಂಗತಿ ಬೇರೆ. ಅಲ್ಲಿ ದೇವರು ಒಬ್ಬನೇ. ಆತನ ರೂಪವನ್ನು ಕೆತ್ತಬಾರದೆಂದು ದಶಾಜ್ಞೆಗಳೇ ವಿಧಿಸುತ್ತವೆ. ಆತನ ಮಗ ಮಾತ್ರ ಮನುಷ್ಯನಾಗಿ ಹುಟ್ಟಿದ್ದರಿಂದ ಮಗನ ಚಿತ್ರ ಬರೆಯಬಹುದೆಂದು 787ರ ಎರಡನೆಯ ನೈಸಿಯಾ ಧರ್ಮಸಭೆ ತೀರ್ಮಾನಿಸಿತ್ತು. ತಂದೆಗೆ ಮುಖ ಕೊಡಲು ಬಯಸಿದ ಕಲಾವಿದರು ದಾನಿಯೇಲನ ಗ್ರಂಥದಲ್ಲಿ ಬರುವ ಬಿಳಿಗೂದಲಿನ ಮಹಾವೃದ್ಧನನ್ನು ಆಧಾರವಾಗಿ ಹಿಡಿದರು. ಬಿಳಿಗಡ್ಡದ ಆ ಮುದುಕ ಎಷ್ಟು ಗಟ್ಟಿಯಾಗಿ ನೆಲೆಯೂರಿದನೆಂದರೆ, 1975ರ 'ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್' ಹಾಸ್ಯಚಿತ್ರದಲ್ಲಿ ಮೋಡದ ನಡುವೆ ಕಾಣಿಸಿಕೊಂಡು ರಾಜನನ್ನು ಗದರುವ ದೇವರ ಮುಖಕ್ಕೆ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸನ ಹಳೆಯ ಫೋಟೋ ಕತ್ತರಿಸಿ ಅಂಟಿಸಿದರೂ ನೋಡುಗರಿಗೆ ಅದು ಯಾರೆಂದು ಬಿಡಿಸಿ ಹೇಳಬೇಕಾಗಲಿಲ್ಲ.

ಇಂಗ್ಲೆಂಡಿನ ರಂಗಭೂಮಿಯಿಂದ ದೇವರು ಮರೆಯಾದದ್ದು ಹದಿನಾರನೆಯ ಶತಮಾನದ ಮತಸುಧಾರಣೆಯ ಕಾಲದಲ್ಲಿ. ಚೆಸ್ಟರ್ ನಗರದ ನಾಟಕಗಳಿಗೆ ಆಗ ಬರೆದ ಸಾರುವ ಪದ್ಯವೊಂದು, ಮುಖಕ್ಕೆ ಚಿನ್ನ ಬಳಿದರೆ ಮನುಷ್ಯ ವಿಕಾರವಾಗುತ್ತಾನೆಯೇ ಹೊರತು ದೇವರಾಗುವುದಿಲ್ಲ, ಆದ್ದರಿಂದ ಪಾತ್ರಧಾರಿಯನ್ನು ಮೋಡದ ಮರೆಯಲ್ಲಿಟ್ಟು ಧ್ವನಿಯನ್ನಷ್ಟೇ ಕೇಳಿಸಬೇಕು ಎಂಬ ಅರ್ಥದ ಸೂಚನೆ ಕೊಡುತ್ತದೆ. ಆಮೇಲೆ ಕಾನೂನು ಬಂತು. 1606ರ ಶಾಸನ ನಾಟಕದಲ್ಲಿ ದೇವರ ಹೆಸರನ್ನು ತಮಾಷೆಗೆ ಬಳಸಿದರೆ ಹತ್ತು ಪೌಂಡ್ ದಂಡ ಎಂದಿತು. 1737ರಿಂದ 1968ರವರೆಗೆ ನಾಟಕದ ಹಸ್ತಪ್ರತಿಗಳಿಗೆ ಪರವಾನಗಿ ಕೊಡುತ್ತಿದ್ದ ಲಾರ್ಡ್ ಚೇಂಬರ್‌ಲಿನ್ ಎಂಬ ರಾಜಮನೆತನದ ಅಧಿಕಾರಿ, ದೇವರ ಅಥವಾ ಕ್ರಿಸ್ತನ ಪಾತ್ರವಿರುವ ನಾಟಕಗಳನ್ನು ಸಾರ್ವಜನಿಕ ರಂಗಕ್ಕೆ ಬಿಡದಿರುವುದನ್ನು ಪದ್ಧತಿಯಾಗಿಸಿಕೊಂಡಿದ್ದ.

ಆ ಅಧಿಕಾರಿ ತಡೆದ ನಾಟಕಗಳಲ್ಲಿ ಒಂದಾದ, ಮಾರ್ಕ್ ಕಾನೆಲಿಯ 'ದ ಗ್ರೀನ್ ಪಾಸ್ಚರ್ಸ್', ಪ್ರಹಸನವನ್ನೂ ಮಕ್ಕಳ ಪಾಠವನ್ನೂ ಒಂದೇ ಚೌಕಟ್ಟಿನೊಳಗೆ ಇಟ್ಟ ಅಪರೂಪದ ಕೃತಿ. ರೋರ್ಕ್ ಬ್ರಾಡ್‌ಫರ್ಡನ ಕಥೆಗಳನ್ನು ಆಧರಿಸಿ 1930ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದು ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಈ ನಾಟಕ, ಲೂಸಿಯಾನಾದ ಕಪ್ಪು ಜನರ ಚರ್ಚಿನ ಸಂಡೇ ಸ್ಕೂಲಿನಲ್ಲಿ, ಅಂದರೆ ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುವ ತರಗತಿಯಲ್ಲಿ, ಆರಂಭವಾಗುತ್ತದೆ. ವೃದ್ಧ ಉಪದೇಶಕ ಆದಿಕಾಂಡದ ವಂಶಾವಳಿಯನ್ನು ಓದುತ್ತಿರುವಾಗ ಮಕ್ಕಳು ದೇವರು ನೋಡಲು ಹೇಗಿದ್ದ ಎಂದು ಕೇಳುತ್ತಾರೆ. ಆತ ನುಣುಚಿಕೊಳ್ಳದೆ, ತಾನು ಚಿಕ್ಕವನಿದ್ದಾಗ ಒಬ್ಬ ಪಾದ್ರಿಯ ಮುಖವನ್ನೇ ದೇವರಿಗೆ ಕಲ್ಪಿಸಿಕೊಂಡಿದ್ದೆ ಎನ್ನುತ್ತಾನೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಆ ಮಕ್ಕಳ ಕಲ್ಪನೆ. ಸ್ವರ್ಗದಲ್ಲಿ ದೇವದೂತರು ಮೀನು ಹುರಿದು ಊಟಕ್ಕೆ ಕೂತಿದ್ದಾರೆ. ಗೇಬ್ರಿಯೆಲ್ ದಾರಿ ಬಿಡಿ ಎಂದು ಕೂಗಿದ ಕೂಡಲೇ ಬಿಳಿ ಅಂಗಿ, ಬಿಳಿ ಬೋ ಟೈ, ಉದ್ದನೆಯ ಕರಿ ಕೋಟಿನ ಎತ್ತರದ ವ್ಯಕ್ತಿ ನಡೆದು ಬರುತ್ತಾನೆ. ಕಸ್ಟರ್ಡನ್ನು ಬಾಯಿಗಿಟ್ಟು ಅದಕ್ಕೆ ಇನ್ನಷ್ಟು 'ಫರ್ಮಮೆಂಟ್' ಬೇಕು ಎನ್ನುತ್ತಾನೆ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರ್ಪಡಿಸುವ ಆಕಾಶಮಂಡಲಕ್ಕೆ ಇಂಗ್ಲಿಷ್ ಬೈಬಲಿನಲ್ಲಿರುವ ಹೆಸರು ಅದು. ಈ ಅಡುಗೆಮನೆಯಲ್ಲಿ ಅದೊಂದು ಮಸಾಲೆ. ಪವಾಡ ಮಾಡಿ ತಂದ ಆಕಾಶ ಬೇಕಾದ್ದಕ್ಕಿಂತ ಹೆಚ್ಚಾಗಿ ಎಲ್ಲರೂ ತೊಯ್ದು ತೊಪ್ಪೆಯಾದಾಗ, ಹೆಚ್ಚಿನ ನೀರು ಬಸಿದು ಹೋಗಲೆಂದು ದೇವರು ಭೂಮಿಯನ್ನು ಮಾಡುತ್ತಾನೆ.

ಇಲ್ಲಿ ನಗೆ ಹುಟ್ಟುವುದು ದೇವರನ್ನು ಕೀಳುಗೈದದ್ದರಿಂದಲ್ಲ. ಸಂಡೇ ಸ್ಕೂಲಿನ ಮಗು ತನಗೆ ಗೊತ್ತಿರುವ ಅಡುಗೆಮನೆ, ತನ್ನ ಊರಿನ ಊಟ, ತನ್ನ ಪಾದ್ರಿಯ ಕೋಟು ಇಷ್ಟರಿಂದಲೇ ಸ್ವರ್ಗ ಕಟ್ಟಬೇಕಾಗಿ ಬಂದಾಗ ಕಾಣುವ ಕೌಶಲದಿಂದ ಆ ನಗೆ ಹುಟ್ಟುತ್ತದೆ. ನೋಹನು ನಾವೆಗೆ ಎರಡು ಪೀಪಾಯಿ ಮದ್ಯ ಬೇಕೆಂದು ಚೌಕಾಸಿ ಮಾಡಿ ಒಂದಕ್ಕೆ ಒಪ್ಪಿಕೊಳ್ಳುವ ದೃಶ್ಯವೂ ಇದೇ ಜಾತಿಯದು. ಆದರೆ ನಾಟಕದ ನಿಜವಾದ ಬಲ ಇರುವುದು ಕೊನೆಯ ಭಾಗದಲ್ಲಿ: ಮನುಷ್ಯರ ಮೇಲೆ ಬೇಸತ್ತು ಕೈಬಿಟ್ಟಿದ್ದ ದೇವರು ಮುತ್ತಿಗೆಗೆ ಸಿಕ್ಕ ಜೆರುಸಲೇಮಿನಲ್ಲಿ ಹೆಜ್‌ಡ್ರೆಲ್ ಎಂಬ ಸೈನಿಕನ ಮಾತು ಕೇಳಿ, ಕರುಣೆ ಎನ್ನುವುದು ಸಂಕಟದ ಮೂಲಕವೇ ಸಿಗುವುದೆಂದು ಮನುಷ್ಯನಿಂದ ಕಲಿಯುತ್ತಾನೆ. ದೇವರು ಪಾಠ ಹೇಳಿಸಿಕೊಳ್ಳುವ ಈ ದೃಶ್ಯವನ್ನು ಮೊದಲೇ ಗಂಭೀರವಾಗಿ ನಿರ್ಮಿಸಿದ್ದರೆ ಪಾಷಂಡವಾದದಂತೆ ಕೇಳಿಸುತ್ತಿತ್ತೇನೋ. ಕಸ್ಟರ್ಡಿನಿಂದ ಶುರುವಾದ್ದರಿಂದ ನಂಬುವಂತಿದೆ. ದೇವರ ಪಾತ್ರ ವಹಿಸಿದ ರಿಚರ್ಡ್ ಬಿ. ಹ್ಯಾರಿಸನ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದ ದಂಪತಿಯ ಮಗ. ಶೇಕ್ಸ್‌ಪಿಯರನ ವಾಚನ ಮಾಡುತ್ತ ಊರೂರು ತಿರುಗಿದ್ದ ಆತ ಅರವತ್ತೈದರ ವಯಸ್ಸಿನಲ್ಲಿ ಈ ಪಾತ್ರಕ್ಕೆ ಬಂದು, 1935ರಲ್ಲಿ ಸಾಯುವವರೆಗೆ ಸಾವಿರದ ಆರುನೂರಕ್ಕೂ ಹೆಚ್ಚು ಬಾರಿ ಅದನ್ನು ಆಡಿದ. ಬಿಳಿಯ ಲೇಖಕರಿಬ್ಬರು ಕಪ್ಪು ಜನರ ಭಕ್ತಿಯನ್ನು ಮುಗ್ಧ ಬಾಲಿಶತೆಯಾಗಿ ಚಿತ್ರಿಸಿದರು ಎಂಬ ಆಕ್ಷೇಪಕ್ಕೆ ಸರಿಯಾದ ಉತ್ತರ ಇಂದಿಗೂ ಇಲ್ಲ. ಕಪ್ಪು ಕಲಾವಿದರೇ ತುಂಬಿದ್ದ ಈ ನಾಟಕ 1933ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಥಿಯೇಟರಿಗೆ ಬಂದಾಗ, ಅಲ್ಲಿ ಕಪ್ಪು ಪ್ರೇಕ್ಷಕರಿಗೆ ಬಿಳಿಯರ ಜೊತೆ ಕೂರುವ ಅವಕಾಶವಿರಲಿಲ್ಲ ಎಂಬ ಸಂಗತಿ ಆ ಆಕ್ಷೇಪವನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಬ್ರಿಟನ್ನಿನಲ್ಲಿ ಮಾತ್ರ ನಿಷೇಧದ ಗೋಡೆಗೆ ಕಿಂಡಿ ಕೊರೆದದ್ದು ಮಕ್ಕಳ ಕಾರ್ಯಕ್ರಮ. ಬಿಬಿಸಿ ರೇಡಿಯೋದ ಮಕ್ಕಳ ವೇಳೆಗಾಗಿ ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ಬರೆದ ಹನ್ನೆರಡು ನಾಟಕಗಳ ಮಾಲೆ 'ದ ಮ್ಯಾನ್ ಬಾರ್ನ್ ಟು ಬಿ ಕಿಂಗ್' 1941ರ ಡಿಸೆಂಬರಿನಿಂದ ಮುಂದಿನ ಅಕ್ಟೋಬರಿನವರೆಗೆ ಪ್ರಸಾರವಾಯಿತು. ಎದುರಿಗೆ ಪ್ರೇಕ್ಷಕರಿಲ್ಲದ ಧ್ವನಿನಾಟಕವಾದ್ದರಿಂದ ಕ್ರಿಸ್ತನ ಪಾತ್ರಕ್ಕೆ ಅಡ್ಡಿಯಾಗಲಿಲ್ಲ. ಕೆಲವು ಧಾರ್ಮಿಕ ಸಂಘಟನೆಗಳಿಗೆ ನೋವಾದದ್ದು ಕ್ರಿಸ್ತ ಮಾತಾಡಿದ್ದಕ್ಕೆ ಎಷ್ಟೋ, ಶಿಷ್ಯರು ಲಂಡನ್ನಿನ ಬೀದಿಯ ಆಡುನುಡಿಯಲ್ಲಿ ಮಾತಾಡಿದ್ದಕ್ಕೂ ಅಷ್ಟೇ; 1942ರಲ್ಲಿ ಸಿಂಗಪುರ ಜಪಾನಿಗೆ ಬಿದ್ದದ್ದು ಈ ನಾಟಕದ ಪಾಪದಿಂದ ಎಂದು ವಾದಿಸಿದವರೂ ಇದ್ದರು. ಸೇಯರ್ಸ್ ಸುಧಾರಿಸಿದ ಭಾಷೆಗೆ ಒಪ್ಪಲಿಲ್ಲ. ಕ್ರಿಸ್ತನನ್ನು ಕೊಂದವರು ಬಣ್ಣದ ಗಾಜಿನ ಕಿಟಕಿಯ ಆಕೃತಿಗಳಲ್ಲ, ಮಾತಾಡುವ ಮನುಷ್ಯರು ಎಂಬುದು ಮಕ್ಕಳಿಗೆ ತಿಳಿಯಬೇಕಾದರೆ ಬೇರೆ ದಾರಿಯೂ ಇರಲಿಲ್ಲ.

ಅದೇ ದಶಕದಲ್ಲಿ ಅಮೆರಿಕದ ಸಂಡೇ ಸ್ಕೂಲುಗಳ ಗೋಡೆ ಏರಿದ ಚಿತ್ರ ಈ ಎಲ್ಲಕ್ಕೂ ವಿರುದ್ಧ ದಿಕ್ಕಿನದು. ಷಿಕಾಗೋದ ವಾರ್ನರ್ ಸಾಲ್ಮನ್ 1924ರಲ್ಲಿ ಇದ್ದಿಲಿನಲ್ಲಿ ಬರೆದು 1940ರಲ್ಲಿ ತೈಲವರ್ಣಕ್ಕೆ ಇಳಿಸಿದ ಕ್ರಿಸ್ತನ ಮುಖ ಕೋಟಿಗಟ್ಟಲೆ ಪ್ರತಿಗಳಲ್ಲಿ ಅಚ್ಚಾಯಿತು. ಯುದ್ಧಕ್ಕೆ ಹೊರಟ ಸೈನಿಕರ ಜೇಬಿಗೂ ಅದರ ಪುಟ್ಟ ಪ್ರತಿ ಹೋಯಿತು. ಕಂದುಗೂದಲು, ಮೃದುವಾದ ಬೆಳಕು, ಸ್ಟುಡಿಯೋ ಫೋಟೋದಂಥ ಪಕ್ಕನೋಟ. ಈ ಚಿತ್ರದಲ್ಲಿ ತಪ್ಪು ಹುಡುಕುವುದು ಕಷ್ಟ, ಅದೇ ಅದರ ದೋಷ: ಪ್ಯಾಲೆಸ್ತೀನಿನ ಯೆಹೂದ್ಯನೊಬ್ಬನ ಬದಲಿಗೆ ಉತ್ತರ ಯುರೋಪಿನ ಮುಖವನ್ನು ಕಂಡ ಮಗುವಿಗೆ, ಇದು ಒಬ್ಬ ಚಿತ್ರಕಾರನ ಊಹೆ ಎಂದು ತಿಳಿಸುವ ಗುರುತು ಚಿತ್ರದೊಳಗೆ ಎಲ್ಲೂ ಇಲ್ಲ. ಅದರ ಪಕ್ಕದಲ್ಲಿ ಫ್ಲ್ಯಾನೆಲ್ ಬಟ್ಟೆ ಹೊದಿಸಿದ ಹಲಗೆಯೇ ಮೇಲು. ಅದಕ್ಕೆ ಅಂಟಿಸಿದ ಕಾಗದದ ಮೋಶೆ ಆಗಾಗ ಜಾರಿ ಕೆಂಪು ಸಮುದ್ರಕ್ಕೆ ಬೀಳುತ್ತಾನೆ, ಉಪದೇಶಕಿ ಎತ್ತಿ ಮತ್ತೆ ಅಂಟಿಸುತ್ತಾರೆ, ಕಥೆ ಮುಂದುವರಿಯುತ್ತದೆ.

ಮಕ್ಕಳ ಧರ್ಮಬೋಧನೆಯಲ್ಲಿ ಈ ಸಮಸ್ಯೆಯನ್ನು ಅತ್ಯಂತ ಜಾಣತನದಿಂದ ಬಗೆಹರಿಸಿದವರು ಮಾಂಟೆಸ್ಸೊರಿ ಪದ್ಧತಿಯ ಕಡೆಯವರು. ರೋಮಿನಲ್ಲಿ 1954ರಲ್ಲಿ ಬೈಬಲ್ ವಿದ್ವಾಂಸೆ ಸೋಫಿಯಾ ಕವಾಲೆಟ್ಟಿ, ಶಿಕ್ಷಕಿ ಜಿಯಾನ್ನಾ ಗೊಬ್ಬಿಯ ಜೊತೆಗೂಡಿ ಆರಂಭಿಸಿದ ಒಳ್ಳೆಯ ಕುರುಬನ ಧರ್ಮಬೋಧನೆಯಲ್ಲಿ ಮರದ ಕುರುಬ, ಕುರಿಗಳು, ಹಟ್ಟಿ ಇರುತ್ತವೆ. ಕುರಿಗಳು ಯಾರನ್ನು ಸೂಚಿಸುತ್ತವೆ ಎಂಬುದನ್ನು ಹೇಳಿಕೊಡದೆ, ಮಗು ತಾನೇ ಕಂಡುಕೊಳ್ಳುವವರೆಗೆ ಬೋಧಕಿ ಕಾಯುತ್ತಾರೆ. ಇದನ್ನು ನೋಡಿ ಕಲಿತ ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ ರೂಪಿಸಿದ 'ಗಾಡ್ಲಿ ಪ್ಲೇ' ಪದ್ಧತಿಯಲ್ಲಿ ಅಬ್ರಹಾಮನ ಕಥೆಗೆ ಮರಳು ತುಂಬಿದ ಪೆಟ್ಟಿಗೆಯೇ ಮರುಭೂಮಿ, ಮುಖದ ಗೆರೆಗಳೂ ಇಲ್ಲದ ಮರದ ತುಂಡುಗಳೇ ಅಬ್ರಹಾಮ, ಸಾರಾ. ದೇವರಿಗೆ ಮಾತ್ರ ಗೊಂಬೆಯಿಲ್ಲ. ದೇವರು ಅಬ್ರಹಾಮನ ಬಳಿ ಬಂದ ಎನ್ನುವಾಗ ಕಥೆ ಹೇಳುವವರು ತಮ್ಮ ಬರಿಗೈಗಳನ್ನು ಆ ಮರದ ತುಂಡಿನ ಮೇಲೆ ಸುತ್ತುವರಿದಂತೆ ಹಿಡಿಯುತ್ತಾರೆ, ಅಷ್ಟೆ. ಕೈ ಯಾರದೆಂದು ಮಗುವಿಗೆ ಚೆನ್ನಾಗಿ ಗೊತ್ತು. ಆ ಕೈ ದೇವರದಲ್ಲ ಎಂದೂ ಗೊತ್ತು.

ದೇವರಿಗೆ ರೂಪ ಕೊಡದಿರುವುದೇ ಕ್ಷೇಮ ಎಂದು ಇದರಿಂದ ತೀರ್ಮಾನಿಸಿದರೆ ಎದುರಿಗೆ 'ವೆಜಿಟೇಲ್ಸ್' ನಿಲ್ಲುತ್ತದೆ. ಫಿಲ್ ವಿಷರ್ ಮತ್ತು ಮೈಕ್ ನವ್ರಾಕಿ 1993ರಲ್ಲಿ ಆರಂಭಿಸಿದ ಈ ಕಂಪ್ಯೂಟರ್ ಅನಿಮೇಷನ್ ಸರಣಿಯಲ್ಲಿ ಬಾಬ್ ಎಂಬ ಟೊಮೆಟೊ, ಲ್ಯಾರಿ ಎಂಬ ಸೌತೆಕಾಯಿ ಮತ್ತು ಅವರ ಬಳಗ ಹಳೆಯ ಒಡಂಬಡಿಕೆಯ ಕಥೆಗಳನ್ನು ಹಾಸ್ಯವಾಗಿ ಆಡುತ್ತವೆ. ಮೊದಲು ಯೋಚಿಸಿದ್ದು ಮಿಠಾಯಿ ಪಾತ್ರಗಳನ್ನು. ತಾಯಂದಿರು ಒಪ್ಪಲಾರರು ಎಂಬ ಮಾತಿನ ಮೇಲೆ ತರಕಾರಿಗಳಾದವು. ದಾವೀದನಾಗಲು, ದಾನಿಯೇಲನಾಗಲು ತರಕಾರಿಗೆ ಅಡ್ಡಿಯಿಲ್ಲ, ಯೇಸುವಾಗಿ ಮಾತ್ರ ಯಾವ ತರಕಾರಿಯೂ ಬರಕೂಡದು ಎಂಬ ನಿಯಮವನ್ನು ನಿರ್ಮಾಪಕರು ಹಾಕಿಕೊಂಡರು. ನಿಯಮ ಸರಿಯಾಗಿಯೇ ಇತ್ತು. ಆದರೆ ದೇವರು ತೆರೆಯ ಹಿಂದೆಯೇ ಉಳಿದ ಕಥೆಗಳು ಬರಬರುತ್ತ ಸುಳ್ಳು ಹೇಳಬೇಡ, ಹಂಚಿಕೊಂಡು ತಿನ್ನು ಎಂಬ ಸದ್ವರ್ತನೆಯ ಪಾಠಗಳಾದವು. ಕ್ರೈಸ್ತಧರ್ಮವನ್ನು ಕಲಿಸದೆಯೇ ಮಕ್ಕಳಿಗೆ ಕ್ರೈಸ್ತ ನಡತೆಯನ್ನು ಕಲಿಸಲು ಹೊರಟಿದ್ದೆ ಎಂಬ ಅರ್ಥದ ಮಾತನ್ನು ವಿಷರ್ ಸ್ವತಃ ಆಮೇಲೆ ಆಡಿದ್ದಾರೆ, ಮತ್ತು ಬೈಬಲಿನ ಮೊದಲಿನಿಂದ ಕೊನೆಯವರೆಗೆ ಪಾಠ ಹೇಳುವ ಬೇರೊಂದು ಗೊಂಬೆಯಾಟದ ಸರಣಿಯನ್ನು ಕೈಗೆತ್ತಿಕೊಂಡರು. ಈ ಒಂದು ವಿಷಯದಲ್ಲಿ ಹ್ಯಾರಿಸನ್ನನ ದೇವರಿಗೇ ಹೆಚ್ಚು ಅಂಕ ಕೊಡಬೇಕಾಗುತ್ತದೆ: ಆತ ಕರಿ ಕೋಟು ತೊಟ್ಟು ಅಡುಗೆಯ ರುಚಿ ನೋಡಿದರೂ ಸಿಟ್ಟಾಗುತ್ತಾನೆ, ಜಲಪ್ರಳಯ ತರುತ್ತಾನೆ, ತಾನೇ ಮಾಡಿದ್ದಕ್ಕೆ ಮರುಗುತ್ತಾನೆ, ಆ ಕಥೆಯಲ್ಲಿ ಆತನಿಗೆ ಮಾಡಲು ಕೈತುಂಬ ಕೆಲಸವಿದೆ.