ಖಡ್ಗ ಹಿಡಿದ ಸೇವಕನು ಲೆಕ್ಕ ಒಪ್ಪಿಸಬೇಕಾದದ್ದು ಯಾರಿಗೆ? ರೋಮಾಪುರ 13, ಫಿಲಿಪ್ಪಿಯ ಸೆರೆಮನೆ ಮತ್ತು ಪೊಲೀಸ್ ದೂರು ಪ್ರಾಧಿಕಾರ

ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ ಮೊದಲ ಏಳು ವಚನಗಳಷ್ಟು ಅಧಿಕಾರಸ್ಥರಿಗೆ ಹಿತವಾದ ಭಾಗ ಹೊಸ ಒಡಂಬಡಿಕೆಯಲ್ಲಿ ಮತ್ತೊಂದಿಲ್ಲ. ಅಧಿಕಾರವು ದೇವರಿಂದ ಬಂದದ್ದು, ಖಡ್ಗ ಹಿಡಿದವನು ದೇವರ ಸೇವಕನು, ಆದುದರಿಂದ ವಿಶ್ವಾಸಿಯಾದವನು ಅಧೀನನಾಗಿರಬೇಕು: ಇಷ್ಟನ್ನು ಹೇಳಿ ಪ್ರಸಂಗವನ್ನು ಮುಗಿಸುವುದು ಪ್ರಸಂಗಪೀಠಗಳಲ್ಲಿ ರೂಢಿಯಾಗಿದೆ. ಆ ಸೇವಕನು ತನ್ನ ಸೇವೆಯ ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ದೇವರಿಗೆ ಮಾತ್ರವೋ, ತನ್ನ ಇಲಾಖೆಯ ಮೇಲಧಿಕಾರಿಗೆ ಮಾತ್ರವೋ, ಅಥವಾ ಯಾರ ಹಿತಕ್ಕಾಗಿ ನೇಮಕಗೊಂಡಿದ್ದಾನೋ ಆ ಜನರಿಗೂ ಹೌದೋ? ಈ ಲೇಖನದಲ್ಲಿ ನಾವು ಎರಡು ಪಠ್ಯಗಳನ್ನು ಜೊತೆಯಲ್ಲಿಟ್ಟು ವಿಮರ್ಶಿಸುತ್ತೇವೆ. ಒಂದು, ಪೌಲನ ಆ ವಚನಗಳನ್ನು ಓದುವ ನಮ್ಮ ರೂಢಿ. ಇನ್ನೊಂದು, ಪೊಲೀಸರ ವಿರುದ್ಧದ ದೂರುಗಳ ಬಗ್ಗೆ ಕರ್ನಾಟಕ ಮಾಡಿಕೊಂಡಿರುವ ಕಾನೂನು. ಎರಡರಲ್ಲಿಯೂ ಇರುವ ಕೊರತೆ ಒಂದೇ ಎಂಬುದು ನಮ್ಮ ವಾದ.

ಪ್ರಶ್ನೆ ಕಾಲ್ಪನಿಕವಲ್ಲ. 2019ರ ಜನವರಿಯಲ್ಲಿ ದಕ್ಷಿಣ ಬೆಂಗಳೂರಿನ ಕುಮಾರಸ್ವಾಮಿ ಲೇಔಟ್ ಪೊಲೀಸ್ ಠಾಣೆಯಲ್ಲಿ ಸಹಾಯಕ ಸಬ್‌ಇನ್ಸ್‌ಪೆಕ್ಟರ್ ಒಬ್ಬರು ಮಹಿಳೆಯೊಬ್ಬರ ಮೇಲೆ ಕೈಮಾಡಿದ ವಿಡಿಯೊ ಎಲ್ಲೆಡೆ ಹರಡಿತು. ಇಲಾಖೆ ಅವರನ್ನು ಅಮಾನತುಗೊಳಿಸಿತು. ಕ್ರಮ ಶೀಘ್ರವಾಗಿತ್ತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೇವಾನಿಯಮಗಳ ಪ್ರಕಾರ ಅಮಾನತು ಶಿಕ್ಷೆಯಲ್ಲ, ವಿಚಾರಣೆಗೆ ಮುಂಚಿನ ತಾತ್ಕಾಲಿಕ ಕ್ರಮ. ಇಲಾಖಾ ವಿಚಾರಣೆಯನ್ನು ನಡೆಸುವುದೂ ಅದೇ ಇಲಾಖೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ವಿಷಯ ಸಾರ್ವಜನಿಕರ ಮುಂದೆ ಬಂದದ್ದು ವಿಡಿಯೊ ಇದ್ದುದರಿಂದ. ವಿಡಿಯೊ ಇಲ್ಲದ ಪೆಟ್ಟಿನ ಗತಿಯೇನು? ಕಾಲೇಜು ವಿದ್ಯಾರ್ಥಿಗಳು, ಬಾಡಿಗೆ ಮನೆಯ ಕುಟುಂಬಗಳು, ಮನೆಗೆಲಸಕ್ಕೆ ಹೋಗುವ ಹೆಂಗಸರು ವಾಸಿಸುವ ಇಂಥ ಬಡಾವಣೆಯಲ್ಲಿ ಠಾಣೆಯಿಂದ ನೊಂದು ಬಂದವರು ಮತ್ತೆ ಅದೇ ಠಾಣೆಯ ಮೆಟ್ಟಿಲೇರಿ ದೂರು ಕೊಡಬೇಕೇ?

ಈ ಪ್ರಶ್ನೆಗೆ ದೇಶದ ಸರ್ವೋಚ್ಚ ನ್ಯಾಯಾಲಯ 2006ರ ಸೆಪ್ಟೆಂಬರ್ 22ರಂದು ಉತ್ತರ ಕೊಟ್ಟಿತು. ಪ್ರಕಾಶ್ ಸಿಂಗ್ ಪ್ರಕರಣವೆಂದು ಪ್ರಸಿದ್ಧವಾದ ಆ ಮೊಕದ್ದಮೆಯನ್ನು 1996ರಲ್ಲಿ ಹೂಡಿದವರು ಪೊಲೀಸ್ ದ್ವೇಷಿಗಳಲ್ಲ. ಸ್ವತಃ ಪೊಲೀಸ್ ಮಹಾನಿರ್ದೇಶಕರಾಗಿ ನಿವೃತ್ತರಾದವರು. ತೀರ್ಪಿನ ಏಳು ನಿರ್ದೇಶನಗಳಲ್ಲಿ ಒಂದು, ಪ್ರತಿ ರಾಜ್ಯದಲ್ಲಿಯೂ ಪೊಲೀಸ್ ದೂರು ಪ್ರಾಧಿಕಾರವನ್ನು ರಚಿಸಬೇಕೆಂಬುದು. ಸೂಪರಿಂಟೆಂಡೆಂಟ್ ಮತ್ತು ಅದಕ್ಕೆ ಮೇಲ್ಪಟ್ಟ ಅಧಿಕಾರಿಗಳ ಮೇಲಿನ ದೂರುಗಳಿಗೆ ರಾಜ್ಯಮಟ್ಟದ ಪ್ರಾಧಿಕಾರ. ಅದರ ಅಧ್ಯಕ್ಷತೆ ಉಚ್ಚ ಅಥವಾ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಯದು. ಡಿವೈಎಸ್‌ಪಿ ದರ್ಜೆಯವರೆಗಿನವರ ಮೇಲಿನ ದೂರುಗಳಿಗೆ ಜಿಲ್ಲಾ ಪ್ರಾಧಿಕಾರ. ಅದರ ಅಧ್ಯಕ್ಷತೆ ನಿವೃತ್ತ ಜಿಲ್ಲಾ ನ್ಯಾಯಾಧೀಶರದು. ಪೊಲೀಸ್ ವಶದಲ್ಲಿ ಆದ ಸಾವು, ತೀವ್ರ ಗಾಯ, ಅತ್ಯಾಚಾರ ಇವುಗಳಲ್ಲದೆ ಸುಲಿಗೆ, ಮನೆ ಅಥವಾ ಜಮೀನಿನ ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗ ಇವೂ ಜಿಲ್ಲಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಪ್ರಾಧಿಕಾರದ ಶಿಫಾರಸುಗಳು ಸರ್ಕಾರವನ್ನು ಬದ್ಧಗೊಳಿಸಬೇಕೆಂದೂ ನ್ಯಾಯಾಲಯ ಹೇಳಿತು.

ಕರ್ನಾಟಕವು 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಎರಡೂ ಹಂತದ ಪ್ರಾಧಿಕಾರಗಳಿಗೆ ಅವಕಾಶ ಮಾಡಿಕೊಟ್ಟಿತು. ಹೆಸರು ಉಳಿಯಿತು, ಉದ್ದೇಶ ಸಡಿಲವಾಯಿತು. ನಿರ್ದೇಶನದ ಜೀವಾಳ ಇಲಾಖೆಯಿಂದ ಸ್ವತಂತ್ರವಾದ ಕಣ್ಣು. ತಿದ್ದುಪಡಿಯಾದರೋ ಸೇವೆಯಲ್ಲಿರುವ ಅಧಿಕಾರಿಗಳಿಗೂ ಪ್ರಾಧಿಕಾರದಲ್ಲಿ ಸ್ಥಾನ ಕೊಟ್ಟಿತು. ನಾಳೆ ಅದೇ ಸರ್ಕಾರದಿಂದ ವರ್ಗಾವಣೆಯನ್ನೂ ಬಡ್ತಿಯನ್ನೂ ನಿರೀಕ್ಷಿಸುವವರು ಇಂದು ಸಹೋದ್ಯೋಗಿಯ ಮೇಲಿನ ದೂರನ್ನು ತೂಗಬೇಕು. ಅವರಲ್ಲಿ ಪ್ರಾಮಾಣಿಕರು ಇಲ್ಲವೆಂದು ನಾವು ಹೇಳುತ್ತಿಲ್ಲ. ಪ್ರಾಮಾಣಿಕರನ್ನೂ ಸಂಶಯಕ್ಕೆ ಈಡುಮಾಡುವ ಪೀಠವಿದು ಎನ್ನುತ್ತಿದ್ದೇವೆ.

ಇದರ ಜೊತೆಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೆಯ ಪ್ರಕರಣವನ್ನು ಓದಬೇಕು. ಕರ್ತವ್ಯದ ಹೆಸರಿನಲ್ಲಿ, ಅಥವಾ ಕರ್ತವ್ಯದ ಮೇರೆ ಮೀರಿ ಮಾಡಿದ ಕೃತ್ಯಕ್ಕಾಗಿಯೂ ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಯಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಬೆಂಗಳೂರಿನಿಂದಲೇ ಹೋದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಜೂನ್‌ನಲ್ಲಿ, ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ಸಂಬಂಧವಿದ್ದರೆ, ಮೇರೆ ಮೀರಿದ ಮಾತ್ರಕ್ಕೆ ಈ ರಕ್ಷಣೆ ತಪ್ಪದು ಎಂದು ತೀರ್ಪಿತ್ತಿತು. ಸುಳ್ಳು ಮೊಕದ್ದಮೆಗಳಿಂದ ಅಧಿಕಾರಿಯನ್ನು ಕಾಪಾಡುವ ಉದ್ದೇಶ ನ್ಯಾಯವಾದದ್ದೇ. ಆದರೆ ನ್ಯಾಯಾಲಯದ ಬಾಗಿಲಿಗೆ ಸರ್ಕಾರದ ಬೀಗವಿದ್ದು, ದೂರು ಪ್ರಾಧಿಕಾರದ ಒಳಗೆ ಅಧಿಕಾರಿಗಳೇ ಕುಳಿತಿದ್ದರೆ, ನೊಂದವನು ಎತ್ತ ಹೋಗಬೇಕು?

ಈಗ ಪೌಲನ ಕಡೆಗೆ ಬರೋಣ. ರೂಢಿಯ ಓದು ಎರಡು ಪದಗಳ ಮೇಲೆ ಎಡವುತ್ತದೆ. ಮೊದಲನೆಯದು ಅಧೀನತೆ. ಪೌಲನು 13:1ರಲ್ಲಿ ಬಳಸುವ ಗ್ರೀಕ್ ಕ್ರಿಯಾಪದ ಹುಪೊತಾಸ್ಸೊ. ಒಂದು ಕ್ರಮದೊಳಗೆ ತನ್ನ ಸ್ಥಾನದಲ್ಲಿ ನಿಲ್ಲುವುದು ಎಂದು ಅದರ ಭಾವ. ವಿಧೇಯತೆಗೆ ಅವನು ಬೇರೆಡೆ ಬಳಸುವ ಹುಪಕೂಓ ಎಂಬ ಪದ ಇಲ್ಲಿಲ್ಲ. ಅದೇ ಧಾತುವಿನಿಂದ ಹುಟ್ಟಿದ ಪದದಲ್ಲಿಯೇ ಅಧಿಕಾರಗಳೂ ದೇವರಿಂದ ಕ್ರಮಗೊಳಿಸಲ್ಪಟ್ಟವು ಎಂದು ಅವನು ಹೇಳುತ್ತಾನೆ. ಅಂದರೆ ಪ್ರಜೆಗೆ ಹೇಗೋ ಅಧಿಕಾರಿಗೂ ಹಾಗೆ ಒಂದು ಕ್ರಮವಿದೆ, ಒಂದು ಮೇರೆಯಿದೆ.

ಎರಡನೆಯದು ಸೇವಕನೆಂಬ ಪದ. 13:4ರ ಮೂಲಪದ ದಿಯಾಕೊನೊಸ್. ಇದೇ ಪತ್ರಿಕೆಯ 16ನೆಯ ಅಧ್ಯಾಯದಲ್ಲಿ ಕೆಂಖ್ರೆಯ ಸಭೆಯ ಫೊಯಿಬೆಗೆ ಪೌಲನು ಕೊಡುವ ಬಿರುದೂ ಇದೇ. ಸಭೆಯ ಸೇವಕಿಯು ತನ್ನ ಕೈಗೆ ಒಪ್ಪಿಸಿದ್ದರ ಲೆಕ್ಕವನ್ನು ಸಭೆಗೆ ಕೊಡಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಾಗಿದ್ದ ಮೇಲೆ ಖಡ್ಗವನ್ನು ಒಪ್ಪಿಸಿಕೊಂಡ ಸೇವಕನಿಗೆ ಮಾತ್ರ ಆ ಭಾರ ಇಲ್ಲವೆನ್ನಲು ಪಠ್ಯದಲ್ಲಿ ಆಧಾರವೇನಿದೆ? ಅವನ ಸೇವೆ ನಿನ್ನ ಹಿತಕ್ಕಾಗಿ ಎಂದು ಪೌಲನು ಓದುಗನಿಗೇ ಹೇಳುತ್ತಾನೆ. ಹಿತ ಯಾರದೋ ಅವರ ಬಾಯಿ ಕಟ್ಟಿ ಸೇವೆಯನ್ನು ಅಳೆಯಲಾಗದು. 1985ರಲ್ಲಿ ದಕ್ಷಿಣ ಆಫ್ರಿಕಾದ ದೇವಶಾಸ್ತ್ರಜ್ಞರು ಕೈರೋಸ್ ದಸ್ತಾವೇಜಿನಲ್ಲಿ ರೋಮಾಪುರ 13ರ ದುರ್ಬಳಕೆಯನ್ನು ರಾಜ್ಯದ ದೇವಶಾಸ್ತ್ರವೆಂದು ಹೆಸರಿಸಿ ಖಂಡಿಸಿದ್ದು ಇದೇ ಕಾರಣಕ್ಕೆ.

ಪೌಲನ ಮಾತಿಗೆ ಪೌಲನ ನಡೆಯೇ ಉತ್ತಮ ವ್ಯಾಖ್ಯಾನ. ಅಪೊಸ್ತಲರ ಕೃತ್ಯಗಳು 16ರಲ್ಲಿ ಫಿಲಿಪ್ಪಿಯ ಅಧಿಪತಿಗಳು ಪೌಲನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿ ಸೆರೆಗೆ ಹಾಕಿಸುತ್ತಾರೆ. ಬೆಳಗಾದ ಮೇಲೆ ತಮ್ಮ ಜವಾನರನ್ನು ಕಳುಹಿಸಿ ಬಿಟ್ಟುಬಿಡಿರೆಂದು ಹೇಳಿಸುತ್ತಾರೆ. ಲೂಕನು ಆ ಜವಾನರಿಗೆ ಬಳಸುವ ಗ್ರೀಕ್ ಪದದ ಅರ್ಥ ಕೋಲು ಹಿಡಿದವರು ಎಂದೇ; ಲಾಠಿಯನ್ನು ಬಲ್ಲ ನಮ್ಮ ಓದುಗರಿಗೆ ಅದನ್ನು ವಿವರಿಸಬೇಕಾಗಿಲ್ಲ. ಬಿಡುಗಡೆ ಸಿಕ್ಕಿತೆಂದು ಪೌಲನು ಹೊರಡುವುದಿಲ್ಲ. ಬಹಿರಂಗವಾಗಿ ಹೊಡೆದವರು ಗುಟ್ಟಾಗಿ ಕಳುಹಿಸಬಾರದು, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟುಹಿಡಿಯುತ್ತಾನೆ. ಅವನು ಅವರ ತಲೆಯನ್ನು ಕೇಳಲಿಲ್ಲ, ಹುದ್ದೆಯನ್ನೂ ಕೇಳಲಿಲ್ಲ, ಲೆಕ್ಕ ಕೇಳಿದನು. ರೋಮಾಪುರ 13ನ್ನು ಬರೆದ ಕೈಗೆ ಈ ಬೇಡಿಕೆಯಲ್ಲಿ ವಿರೋಧ ಕಾಣಲಿಲ್ಲ. ಊರಿನಲ್ಲಿ ಉಳಿಯಲಿದ್ದ ಲುದ್ಯಳ ಮನೆಯ ಹೊಸ ಸಭೆಗೆ ಅದೊಂದು ಆಸರೆಯೂ ಆಯಿತು.

ಬಿಡುಗಡೆ ಬೇರೆ, ಲೆಕ್ಕ ಬೇರೆ ಎಂಬ ಈ ಭೇದ ನಮ್ಮ ನಾಡಿನಲ್ಲಿಯೂ ಮುಖ್ಯ. 2012ರ ಮಾರ್ಚ್‌ನಲ್ಲಿ ದಕ್ಷಿಣ ಕನ್ನಡದ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು ತಂದೆಯ ಸಮೇತ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ಅವರು ಕೈಕೋಳದಲ್ಲಿ ಪರೀಕ್ಷೆ ಬರೆಯಬೇಕಾಯಿತು. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿತು. ಮಂಸೋರೆಯವರ '19.20.21' ಎಂಬ 2023ರ ಕನ್ನಡ ಚಿತ್ರಕ್ಕೆ ಪ್ರೇರಣೆಯಾದದ್ದು ಇದೇ ಪ್ರಕರಣ. ಶೀರ್ಷಿಕೆ ಸೂಚಿಸುವುದು ಸಂವಿಧಾನದ ಮೂರು ವಿಧಿಗಳನ್ನು. ಖುಲಾಸೆಯ ತೀರ್ಪು ಆರೋಪಿಯನ್ನು ಬಿಡಿಸುತ್ತದೆ. ಒಂಬತ್ತು ವರ್ಷಗಳ ಲೆಕ್ಕ ಕೇಳುವುದು ಆ ತೀರ್ಪಿನ ಕೆಲಸವಲ್ಲ. ಅದಕ್ಕೆ ಬೇರೊಂದು ಪೀಠ ಬೇಕು.

ಫಿಲಿಪ್ಪಿಯ ಕಥೆಯನ್ನೂ ನಾವು ವಿಮರ್ಶೆಯಿಲ್ಲದೆ ಒಪ್ಪಲಾಗದು. ಅಧಿಪತಿಗಳು ಹೆದರಿದ್ದು ಪೌಲನು ರೋಮಿನ ಪೌರನೆಂದು ತಿಳಿದಾಗ. ಅದೇ ಅಧ್ಯಾಯದ ದಾಸಿಯು ದುರಾತ್ಮದಿಂದ ಬಿಡುಗಡೆ ಹೊಂದಿದ ಮೇಲೆ ಯಜಮಾನರ ಕೈಯಲ್ಲಿ ಏನಾದಳೆಂದು ಯಾರೂ ವಿಚಾರಿಸಲಿಲ್ಲ. ಅವಳಿಗೆ ಪೌರತ್ವದ ಗುರಾಣಿಯಿರಲಿಲ್ಲ. ಇಂದು ಠಾಣೆಯ ಮುಂದೆ ನಿಲ್ಲುವವರಲ್ಲಿಯೂ ಆ ಎರಡು ವರ್ಗಗಳಿವೆ. ವಕೀಲರ ಪರಿಚಯವಿರುವವರು, ಶಾಸಕರಿಗೆ ಫೋನ್ ಮಾಡಬಲ್ಲವರು ಒಂದು ಕಡೆ. ಏನೂ ಇಲ್ಲದವರು ಇನ್ನೊಂದು ಕಡೆ. ಪ್ರಭಾವಿಗಳಿಗೆ ದೂರು ಪ್ರಾಧಿಕಾರ ಬೇಕಿಲ್ಲ. ಅದು ಬೇಕಾದದ್ದು ದಾಸಿಗೆ.

ಕರ್ನಾಟಕದ ಕ್ರೈಸ್ತ ಸಭೆಗೆ ಈ ವಿಷಯ ಹೊರಗಿನದಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿಯೂ ಬೇರೆಡೆಗಳಲ್ಲಿಯೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಪ್ರತಿಭಟಿಸಿದ ಕ್ರೈಸ್ತರ ಮೇಲೆ, ಕುಲಶೇಖರದಂಥ ಕಡೆಗಳಲ್ಲಿ, ಪೊಲೀಸರ ಲಾಠಿಗಳೂ ಬಿದ್ದವು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2010ರಲ್ಲಿ ಮಧ್ಯಂತರ ವರದಿಯನ್ನು, 2011ರಲ್ಲಿ ಅಂತಿಮ ವರದಿಯನ್ನು ಕೊಟ್ಟಿತು. ಅಂತಿಮ ವರದಿಯನ್ನು ಕ್ರೈಸ್ತ ಮುಖಂಡರು ಒಪ್ಪಲಿಲ್ಲ. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ ಸ್ವತಂತ್ರವಾಗಿ ನಡೆಸಿದ ವಿಚಾರಣೆಯ ವರದಿ ಪೊಲೀಸರನ್ನೂ ಸರ್ಕಾರವನ್ನೂ ಕಟುವಾಗಿ ಟೀಕಿಸಿತು. ಎರಡು ವರದಿಗಳು, ಎರಡು ತೀರ್ಮಾನಗಳು; ಎರಡಕ್ಕೂ ಸರ್ಕಾರವನ್ನು ಬದ್ಧಗೊಳಿಸುವ ಶಕ್ತಿಯಿಲ್ಲ. ಘಟನೆಯ ನಂತರ ಸರ್ಕಾರ ನೇಮಿಸುವ ಆಯೋಗಕ್ಕೂ, ಘಟನೆಗೆ ಮೊದಲೇ ಸ್ಥಿರವಾಗಿ ನಿಂತಿರುವ ಸ್ವತಂತ್ರ ಪ್ರಾಧಿಕಾರಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಕ್ರೈಸ್ತರೇ ಎರಡು ಪಕ್ಷವಾಗಿ ಕಾದಾಡಿದ ಉತ್ತರ ಐರ್ಲೆಂಡಿನಲ್ಲಿ 2000ದಲ್ಲಿ ಕೆಲಸ ಆರಂಭಿಸಿದ ಪೊಲೀಸ್ ಓಂಬುಡ್ಸ್‌ಮನ್ ಕಚೇರಿಗೆ ತನ್ನದೇ ತನಿಖಾಧಿಕಾರಿಗಳಿದ್ದಾರೆ. ಪೊಲೀಸರ ಮೇಲಿನ ದೂರು ಅಲ್ಲಿ ಪೊಲೀಸರ ಕೈಗೆ ಹೋಗುವುದಿಲ್ಲ.

ಇದರಿಂದ ಪೊಲೀಸರ ಮನೋಬಲ ಕುಗ್ಗುವುದೆಂಬ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಬಾರದು. ಫಿಲಿಪ್ಪಿಯ ಸೆರೆಮನೆಯ ಯಜಮಾನನೂ ಆ ವ್ಯವಸ್ಥೆಯ ಆಳೇ. ಅವನೇ ರಾತ್ರಿಯಲ್ಲಿ ಕೈದಿಗಳ ಗಾಯಗಳನ್ನು ತೊಳೆದನು. ನಮ್ಮ ಸಭೆಗಳ ಬೆಂಚುಗಳ ಮೇಲೂ ಕಾನ್‌ಸ್ಟೇಬಲ್‌ಗಳ ಕುಟುಂಬಗಳು ಕುಳಿತಿರುತ್ತವೆ. 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಕರ್ನಾಟಕದ ಪೊಲೀಸ್ ಸಿಬ್ಬಂದಿ ಮುಂದಾದದ್ದು ವೇತನ, ರಜೆ, ಮೇಲಧಿಕಾರಿಗಳ ದರ್ಪ ಇವುಗಳ ಬೇಗುದಿಯಿಂದ; ಮುಂದಾಳುವಿನ ಮೇಲೆ ರಾಜದ್ರೋಹದ ಪ್ರಕರಣ ಬಿತ್ತು. ಕೆಳಗಿನವನ ದೂರನ್ನು ಕೇಳದ ವ್ಯವಸ್ಥೆಯು ಅವನಿಗಿಂತ ಕೆಳಗಿನವನ ದೂರನ್ನು ಕೇಳಲು ಅವನಿಗೆ ಕಲಿಸಲಾರದು. ಸ್ನಾನಿಕನಾದ ಯೋಹಾನನು ಸಿಪಾಯಿಗಳಿಗೆ ಸುಲಿಗೆಯನ್ನೂ ಸುಳ್ಳು ಆರೋಪವನ್ನೂ ಬಿಡಲು ಹೇಳಿದನೇ ಹೊರತು ಉದ್ಯೋಗವನ್ನು ಬಿಡಲು ಹೇಳಲಿಲ್ಲ. ಲೆಕ್ಕ ಕೇಳುವುದು ವೃತ್ತಿಯ ನಿಂದೆಯಲ್ಲ. ಅದು ವೃತ್ತಿಯ ಗೌರವ.

ಸಭಾಪಾಲಕರು ಮಾಡಬಹುದಾದದ್ದು ಪ್ರಸಂಗಕ್ಕಿಂತ ಹೆಚ್ಚಿದೆ. ಬಂಧನದ ಮೆಮೊ, ಬಂಧುಗಳಿಗೆ ಸುದ್ದಿ, ವೈದ್ಯಕೀಯ ಪರೀಕ್ಷೆ ಇವು 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ಹಕ್ಕುಗಳು. 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಸಂವಿಧಾನದ 22ನೆಯ ವಿಧಿ. 2020ರ ಡಿಸೆಂಬರ್ 2ರ ತೀರ್ಪಿನ ಪ್ರಕಾರ ಪ್ರತಿ ಠಾಣೆಯಲ್ಲಿಯೂ ಧ್ವನಿಸಹಿತ ಸಿಸಿಟಿವಿ ಇರಬೇಕು. ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು. ನೊಂದವರು ಬಾಗಿಲು ತಟ್ಟಿದಾಗ ಅವರೊಂದಿಗೆ ಆಸ್ಪತ್ರೆಗೆ ನಡೆದು ಗಾಯದ ದಾಖಲೆ ಮಾಡಿಸುವುದು, ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು, ಆ ದಿನದ ದೃಶ್ಯ ಅಳಿಯದಂತೆ ಲಿಖಿತವಾಗಿ ಕೋರುವುದು, ಪ್ರಾಧಿಕಾರಕ್ಕೂ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯುವುದು: ಇವು ರಾಜಕೀಯವಲ್ಲ, ಶುಶ್ರೂಷೆ. ನೊಂದವರು ಕ್ರೈಸ್ತರೇ ಎಂದು ಮೊದಲು ಕೇಳಬೇಕಾಗಿಲ್ಲ. ಪ್ರಾಧಿಕಾರವು ಸ್ವತಂತ್ರವಾಗಬೇಕೆಂದು ಒತ್ತಾಯಿಸುವ ಸಭೆಯು ತನ್ನ ಶಿಸ್ತು ಸಮಿತಿಗಳಲ್ಲಿಯೂ ಅದೇ ಅಳತೆಯನ್ನು ಬಳಸಬೇಕೆಂಬುದು ಬೇರೆ ಹೇಳಬೇಕಾದ ಮಾತಲ್ಲ.

ಧರ್ಮೋಪದೇಶಕಾಂಡ 21ರಲ್ಲಿ ಒಂದು ವಿಧಿಯಿದೆ. ಹೊಲದಲ್ಲಿ ಹತನಾದವನ ದೇಹ ಸಿಕ್ಕಿ, ಕೊಂದವನು ಯಾರೆಂದು ತಿಳಿಯದಿದ್ದರೆ, ಹಿರಿಯರೂ ನ್ಯಾಯಾಧಿಪತಿಗಳೂ ಬಂದು ಅಲ್ಲಿಂದ ಸುತ್ತಲಿನ ಊರುಗಳಿಗೆ ಇರುವ ದೂರವನ್ನು ಅಳೆಯಬೇಕು. ಹತ್ತಿರದ ಊರಿನ ಹಿರಿಯರು ಮುಂದೆ ಬಂದು, ಈ ರಕ್ತವನ್ನು ನಾವು ಸುರಿಸಲಿಲ್ಲ, ಸುರಿಸಿದ್ದನ್ನು ಕಾಣಲೂ ಇಲ್ಲ ಎಂದು ದೇವರ ಮುಂದೆ ಹೇಳಬೇಕು. ಹಾಗೆ ಹೇಳಬಲ್ಲವರು ಹುಡುಕಿ ನೋಡಿದವರು ಮಾತ್ರ. ಠಾಣೆಯ ಗೋಡೆಯ ಆಚೆ ಏನಾಯಿತೆಂದು ಕೇಳುವ ಅಧಿಕಾರವನ್ನು ಸಮಾಜವು ಯಾರಿಗೂ ಕೊಡದಿದ್ದರೆ, ನಾವು ಕಾಣಲಿಲ್ಲ ಎಂಬ ಮಾತು ನಿರಪರಾಧದ ಸಾಕ್ಷಿಯಾಗಲಾರದು.